ಮಟಮಾರಿಯಲ್ಲಿ ನಿಲ್ಲದ ಗಾಡಿ

ಮಾನ್ವಿ,
೨೫-೧೦-೧೯೮೩, ಮಂಗಳವಾರ.

ಪ್ರೀತಿಯ ಮನೆಯವರಿಗೆ,

ನಿಮ್ಮ ನೀಲಗಂಗಮ್ಮ ಮಾಡುವ ಶರಣು. ನಿಮ್ಮ ಕೆಮ್ಮು ಈಗ ಹೇಗಿದೆ? ಕೊಯಮತ್ತೂರಿನ ನೀರು ಕುಡಿಯಲು ಬಲು ಸಿಹಿ ಎಂದು ಹೋದ ಸಲ ಬರೆದಿದ್ದಿರಿ. ಸಿಹಿಯಿರಲಿ ಸಪ್ಪೆಯಿರಲಿ, ಕಾಯಿಸಿ ಕುಡಿಯಿರಿ. ಹತ್ತಿ ಒಯ್ಯುವ ಲಾರಿಯವನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಸಣ್ಣ ಡಬ್ಬಿಯಲ್ಲಿ ತುಪ್ಪ ಕಳಿಸಿದ್ದೆ. ಅದು ನಿಮಗೆ ತಲುಪಿತೋ, ದಾರಿಯಲ್ಲಿ ಲಾರಿಯವನೇ ಉಂಡನೋ, ಒಂದು ಮಾತೂ ಬರೆಯಲಿಲ್ಲ. ಎರಡು ಹೊತ್ತೂ ಬರೀ ಅನ್ನ ಉಂಡು ಸೊರಗಿರುತ್ತೀರಿ. ನಮ್ಮ ಅಕ್ಕಿ ಮಿಲ್ಲಿನ ಹೊಸ ಯಂತ್ರ ತಯಾರಾಗುವ ತನಕ ಅಲ್ಲೇ ಕಾವಲು ಕೂರುತ್ತೇನೆ ಎಂದು ಗಣೇಶನ ಹಬ್ಬದ ಮಾರನೆಯ ದಿನ ಹೋದವರು ದಸರೆಗೂ ಬರಲಿಲ್ಲ. ಇಲ್ಲಿ ಅತ್ತೆಯವರು ಆರಾಮಾಗಿದ್ದಾರೆ, ಮಂಡಿ ನೋವು ಮಾತ್ರ ಇದ್ದದ್ದೇ. ಮಗಳು ಸಿಂಧನೂರಿನಿಂದ ಕಾಗದ ಹಾಕಿದ್ದಾಳೆ, ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಮಿಲ್ಲನ್ನು ಗಡಿಗೆಪ್ಪ ನೋಡಿಕೊಳ್ಳುತ್ತಿದ್ದಾನೆ, ಹಳೆಯ ಯಂತ್ರವೂ ಅವನ ಮಾತು ಕೇಳುತ್ತಿದೆ. ಅಲ್ಲಿಗೆ ಮನೆಯ ಸಮಾಚಾರ ಮುಗಿಯಿತು. ಇನ್ನು ನನ್ನ ಸಮಾಚಾರ.

ನನಗೆ ಹೊಟ್ಟೆಕಿಚ್ಚಾಗಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಬರೆದುಬಿಟ್ಟೆ. ಯಾರ ಮೇಲೆ ಎಂದು ನೀವು ಕೇಳುವುದೂ ಬೇಡ. ಮೇಲಿನ ಖೋಲಿಯಲ್ಲಿ ಹಲಗೆಯ ಮೇಲೆ ಕುಳಿತಿದೆಯಲ್ಲ ನಿಮ್ಮ ಆಟಿಕೆ ರೈಲು, ಅದರ ಮೇಲೆ. ಹನ್ನೆರಡು ವರ್ಷದ ಹಿಂದೆ ಅಕ್ಕಿಯ ವ್ಯಾಪಾರಕ್ಕೆಂದು ಸಿಕಂದರಾಬಾದಿಗೆ ಹೋದವರು, ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಯಾರೋ ರೈಲ್ವೆ ಗಾರ್ಡಿನ ಮನೆಯಿಂದ ಅದನ್ನು ಟ್ರಂಕಿನಲ್ಲಿ ತುಂಬಿಕೊಂಡು ಬಂದಿರಿ. ಮಗಳಿಗೆ ತಂದೆ ಎಂದಿರಿ. ಮಗಳು ಕೈ ಚಾಚಿದರೆ ‘ಏ, ಮುಟ್ಟಬ್ಯಾಡ, ಕರೆಂಟು’ ಎಂದು ಗದರಿಸಿದಿರಿ. ಮಗಳು ಬೆಳೆದಳು, ಮದುವೆಯಾಗಿ ಹೋದಳು, ರೈಲು ಹೋಗಲಿಲ್ಲ. ಸಂಜೆ ಮಿಲ್ಲಿನಿಂದ ಬಂದವರು ಕಾಲು ತೊಳೆದು ನೇರವಾಗಿ ಮೆಟ್ಟಿಲು ಹತ್ತುತ್ತೀರಿ. ನಾನು ಕೆಳಗೆ ರೊಟ್ಟಿ ಬಡಿಯುತ್ತಿದ್ದರೆ ಮೇಲೆ ಆಕೆ ಗರ್ರೆಂದು ಸುತ್ತುತ್ತಿರುತ್ತಾಳೆ. ಸವತಿಯನ್ನು ಅದು ಇದು ಎಂದರೆ ಮರ್ಯಾದೆಯಲ್ಲ, ಅದಕ್ಕೇ ಆಕೆ ಎಂದೆ. ರೊಟ್ಟಿ ಆರಿದ ಮೇಲೆ ನೀವು ಇಳಿದು ಬರುತ್ತೀರಿ, ‘ಯಾಕ, ಇವತ್ತ ರೊಟ್ಟಿ ಬಿರುಸು ಆಗ್ಯಾವ’ ಎನ್ನುತ್ತೀರಿ.

ಆಟಿಕೆ ಆಮೇಲೆ ಬಂದರೂ, ರೈಲಿನ ಹುಚ್ಚಿನ ಲೆಕ್ಕದಲ್ಲಿ ನೋಡಿದರೆ ಆಕೆಯೇ ಹಿರಿಯಳು, ನಾನು ಎರಡನೆಯವಳು. ಮಟಮಾರಿಗೆ ನನ್ನನ್ನು ನೋಡಲು ಬಂದ ದಿನ ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ನಿನ್ನೆಯ ಹಾಗಿದೆ. ನಮ್ಮ ಮನೆಯ ಪಡಸಾಲೆಯ ಕಿಟಕಿಯಿಂದ ಹಳಿ ಕಾಣುತ್ತದೆ. ನಾನು ಹಸಿರು ಇಳಕಲ್ ಸೀರೆ ಉಟ್ಟು, ಚಹಾದ ತಟ್ಟೆ ಹಿಡಿದು ಬಂದು ಕಿಟಕಿಯ ಪಕ್ಕದಲ್ಲಿ ನಿಂತೆ. ಅದೇ ಹೊತ್ತಿಗೆ ಗುಂತಕಲ್ ಕಡೆಯಿಂದ ಗೂಡ್ಸ್ ಗಾಡಿ ಬರಬೇಕೇ? ನೀವು ಅತ್ತ ತಿರುಗಿದವರು ಕೊನೆಯ ಡಬ್ಬಿ ದಾಟುವ ತನಕ ಇತ್ತ ತಿರುಗಲಿಲ್ಲ. ಗೂಡ್ಸ್ ಗಾಡಿ ಎಷ್ಟು ಉದ್ದ ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಚಹಾ ಆರಿತು. ನಿಮ್ಮ ಸೋದರಮಾವ ‘ಹುಡುಗೀನ್ನ ನೋಡಿದೇನೋ ವಿರೂಪಣ್ಣ?’ ಎಂದು ಕೇಳಿದರೆ, ‘ಹೂಂನ್ರಿ, ಭಾಳ ಛಲೋ ಅದ’ ಎಂದಿರಿ. ಯಾವುದು ಛಲೋ ಎಂದು ಅವರೂ ಕೇಳಲಿಲ್ಲ, ನಾನೂ ಇಂದಿನವರೆಗೆ ಕೇಳಿಲ್ಲ. ನಮ್ಮಪ್ಪ ಮಾತ್ರ, ಹುಡುಗ ಹೆಣ್ಣಿನ ಮುಖ ಕೂಡ ನೋಡಲಿಲ್ಲ, ಎಷ್ಟು ಸಂಭಾವಿತ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಮಾನ್ವಿಯಲ್ಲಿ ಹುಟ್ಟಿದ ನಿಮಗೆ ರೈಲೆಂದರೆ ರಾಯಚೂರಿಗೆ ಹೋಗಿ ನೋಡಿ ಬರುವ ವಸ್ತು. ನನಗೆ ಅದು ಮನೆಯ ಹಿಂದಿನ ಸದ್ದು. ಕಣ್ಣು ಮುಚ್ಚಿಕೊಂಡೇ ಇದು ಮೇಲ್ ಗಾಡಿ, ಇದು ಗೂಡ್ಸು, ಇದು ತುಂಬಿದ ಡಬ್ಬಿ, ಇದು ಖಾಲಿ ಡಬ್ಬಿ ಎಂದು ಹೇಳುತ್ತಿದ್ದೆ. ಇಷ್ಟು ವರ್ಷದಲ್ಲಿ ನೀವು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ. ಅದೂ ಹೋಗಲಿ ಎಂದರೆ ಹಲಗೆಯ ಮೇಲೆ ನೀವು ಕಟ್ಟಿದ ಸ್ಟೇಷನ್ನುಗಳನ್ನು ನೋಡಿ. ರಾಯಚೂರು ಇದೆ, ಸರಿ. ಅಲ್ಲಿಂದ ಮಾನ್ವಿ, ಕವಿತಾಳ, ಮಸರಕಲ್, ದೇವದುರ್ಗ. ಯಾವ ಸರ್ಕಾರವೂ ಹಳಿ ಹಾಕದ ಊರಿಗೆಲ್ಲ ತಗಡಿನ ಸ್ಟೇಷನ್ ಕಟ್ಟಿಸಿ, ಹಳದಿ ಬೋರ್ಡಿನ ಮೇಲೆ ಹೆಸರು ಬರೆದಿರಿ. ಮಸರಕಲ್ಲಿಗೆ ಒಂದು ನೀರಿನ ಟಾಕಿ ಬೇರೆ. ನಿಜವಾಗಿಯೂ ರೈಲು ನಿಲ್ಲುವ ಊರು, ನನ್ನ ತವರು ಮಟಮಾರಿ, ಅದೊಂದೇ ಇಲ್ಲ. ಒಮ್ಮೆ ಬಾಯಿ ಬಿಟ್ಟು ಕೇಳಿದ್ದೆ. ‘ಅಲ್ಲಿ ಖರೇನ ಸ್ಟೇಷನ್ ಅದ ಅಲ್ಲೇನ, ಮತ್ಯಾಕ ಕಟ್ಟೋದು?’ ಎಂದಿರಿ. ಇದ್ದವಳು ಇದ್ದೇ ಇದ್ದಾಳೆ, ಮತ್ತೆ ಯಾಕೆ ನೋಡುವುದು ಎಂದ ಹಾಗಾಯಿತು. ನಾನು ಕೆಳಗಿಳಿದು ಬಂದು ಬೇಳೆಗೆ ಒಗ್ಗರಣೆ ಹಾಕಿದೆ.

ಈಗ ನಿಮ್ಮ ಹೋದ ಸಲದ ಇನ್‌ಲ್ಯಾಂಡಿಗೆ ಬರುತ್ತೇನೆ. ನನ್ನ ಕ್ಷೇಮ ಕೇಳಿದ್ದು ಒಂದು ಸಾಲು, ಯಂತ್ರದ ಸುದ್ದಿ ಒಂದು ಸಾಲು. ಆಮೇಲೆ ಶುರುವಾಯಿತು ನೋಡಿ. ರವಿವಾರ ಪುರುಸೊತ್ತು ಸಿಕ್ಕಿತೆಂದು ಊಟಿಯ ಬೆಟ್ಟ ಹತ್ತುವ ಸಣ್ಣ ರೈಲಿನಲ್ಲಿ ಹೋಗಿ ಬಂದಿರಂತೆ. ಹಳಿಯ ನಡುವೆ ಹಲ್ಲುಗಳಿವೆಯಂತೆ, ಇಂಜಿನ್ನು ಹಿಂದಿನಿಂದ ತಳ್ಳುತ್ತದಂತೆ, ಕಿಟಕಿಯೊಳಗೆ ಮಂಜು ಬಂತಂತೆ. ಹೆಂಡತಿಯನ್ನು ಬಿಟ್ಟು ಊಟಿಗೆ ಹೋಗಿ, ಅದನ್ನು ಆ ಹೆಂಡತಿಗೇ ಬರೆದು ತಿಳಿಸುವ ಗಂಡಸು ಈ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ನಾನು ಮಾನ್ವಿಯ ಬಿಸಿಲಿನಲ್ಲಿ ಅಕ್ಕಿ ಹಸನು ಮಾಡುತ್ತ ಆ ಮಂಜನ್ನು ಓದಿದೆ. ಕಟ್ಟಕಡೆಗೆ, ಅಂಟು ಹಚ್ಚುವ ಅಂಚಿನಲ್ಲಿ, ‘ಆಯುಧ ಪೂಜೆಯ ದಿನ ರೈಲಿಗೂ ಪೂಜೆಯಾಗಲಿ, ಈ ಸಲ ನೀನೇ ಮಾಡು’ ಎಂದಿತ್ತು. ನಗಬೇಡಿ, ಅದನ್ನು ಓದಿ ನನಗೆ ಸಂತೋಷವಾಯಿತು. ಆ ರೈಲನ್ನು ಮುಟ್ಟಲು ನನಗೆ ಸಿಕ್ಕ ಮೊದಲ ಅಪ್ಪಣೆ ಅದು.

ಆದರೆ ಪೂಜೆ ಹೇಗೆ ಮಾಡಬೇಕೆಂದು ನೀವು ಬರೆಯಲಿಲ್ಲ. ಬಾಗಿಲು ಹಾಕಿಕೊಂಡು ನೀವೊಬ್ಬರೇ ಮಾಡುತ್ತಿದ್ದ ಪೂಜೆ, ನನಗೇನು ಗೊತ್ತು? ಮಿಲ್ಲಿನ ಯಂತ್ರಕ್ಕೆ ಹೇಗೆ ಮಾಡುತ್ತೇವೆಯೋ ಹಾಗೆಯೇ ಮಾಡಿದೆ. ಒಂದು ಹಳೆಯ ಧೋತರದ ಚೂರಿನಲ್ಲಿ ಕುಸುಬಿ ಎಣ್ಣೆ ಅದ್ದಿಕೊಂಡು ಹಳಿಯನ್ನೆಲ್ಲ ಮಿರಿಮಿರಿ ಹೊಳೆಯುವಂತೆ ಒರೆಸಿದೆ. ಮೇಲೆ ವಿಭೂತಿಯನ್ನು ನೀರಿನಲ್ಲಿ ಕಲೆಸಿ ಮೂರು ಬೆರಳಿನಿಂದ ಗೇಣಿಗೊಂದು ಪಟ್ಟೆ ಎಳೆದೆ. ಕೆಳಗಿನಿಂದ ಅತ್ತೆಯವರು ‘ಗಾಲಿಗೂ ಹಚ್ಚಬೇ ನೀಲಾ, ಗಾಲಿ ಇದ್ರ ಗಾಡಿ’ ಎಂದು ಕೂಗಿದರು. ಗಾಲಿಗೂ ಹಚ್ಚಿದೆ. ಇಂಜಿನ್ನಿನ ಹಣೆಗೆ ಕುಂಕುಮ, ಡಬ್ಬಿಗಳಿಗೆ ಸೇವಂತಿಗೆ, ಊದಿನಕಡ್ಡಿ, ಕಾಯಿ. ಅಷ್ಟು ಸಿಂಗಾರವಾದ ಮೇಲೆ ಆಕೆ ಚಂದ ಕಂಡಳು. ಅದಕ್ಕೂ ಸಿಟ್ಟು ಬಂತು, ಆದರೂ ಇನ್ನೊಂದು ಹೂವು ಹೆಚ್ಚಿಗೆ ಇಟ್ಟೆ. ನಮಸ್ಕಾರ ಮಾಡಿ, ನೀವು ಮಾಡುವಂತೆ ಕರೆಂಟಿನ ಡಬ್ಬಿಯ ಗುಂಡಿ ತಿರುವಿದೆ. ಕೆಂಪು ದೀಪ ಹತ್ತಿತು. ರೈಲು ಅಲುಗಲಿಲ್ಲ. ಇನ್ನಷ್ಟು ತಿರುವಿದೆ, ಕೊನೆಯ ತನಕ ತಿರುವಿದೆ, ಮಿಸುಕಲಿಲ್ಲ.

ಸುಟ್ಟು ಹೋಗಲಿ ಇದು ಎಂದು ಎಷ್ಟೋ ಸಂಜೆ ಒಲೆಯ ಮುಂದೆ ಕುಳಿತು ಅಂದುಕೊಂಡಿದ್ದೇನೆ. ನಿಜವಾಗಿಯೂ ನಿಂತಾಗ ಮಾತ್ರ ಹೆದರಿಕೆಯಾಯಿತು. ನೀವು ಬಂದು ನೋಡಿ, ಹೊಟ್ಟೆಕಿಚ್ಚಿಗೆ ಇವಳೇ ಕೆಡಿಸಿದಳು ಎಂದರೆ ನಾನು ಯಾವ ಬಾಯಿಯಿಂದ ಅಲ್ಲ ಎನ್ನಲಿ? ನನಗೆ ಹೊಟ್ಟೆಕಿಚ್ಚು ಇರುವುದು ಊರಿಗೇ ಗೊತ್ತು. ಕರೆಂಟಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅದನ್ನು ಕಟ್ಟಿಕೊಟ್ಟ ಬಜಾರಿನ ರೇಡಿಯೋ ರಿಪೇರಿ ಲಾಲ್ ಸಾಬನ ಹತ್ತಿರ ಒಯ್ದೆ. ಆತ ತಂತಿ ಚುಚ್ಚಿ ನೋಡಿ, ‘ಯಕ್ಕಾ, ಡಬ್ಬಿ ಬರಾಬರ್ ಅದ. ಇದಕ್ಕೇನೂ ಆಗಿಲ್ಲ. ಅಣ್ಣಾವ್ರಿಗೆ ಒಂದು ಕಾಗದ ಹಾಕಿ ಕೇಳ್ರಿ’ ಎಂದ. ನಿಮ್ಮನ್ನು ಕೇಳುವುದೇ? ಅದಕ್ಕಿಂತ ಬಾವಿಗೆ ಹಾರುವುದು ವಾಸಿ ಎನಿಸಿತು. ಖೋಲಿಗೆ ಬೀಗ ಹಾಕಿ ಕೀಲಿಯನ್ನು ಉಪ್ಪಿನ ಗಡಿಗೆಯ ಹಿಂದೆ ಇಟ್ಟೆ.

ಹೀಗಿರುವಾಗ ಕಳೆದ ಗುರುವಾರ ದೇವದುರ್ಗದ ಬಸ್ಸಿಳಿದು ಒಬ್ಬ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದರು. ಮೂವತ್ತರೊಳಗಿನ ವಯಸ್ಸು, ಕನ್ನಡಕ, ಹೆಗಲಿಗೆ ಚೀಲ. ‘ವಿರೂಪಣ್ಣನೋರ ಮನಿ ಇದೇ ಏನ್ರಿ? ನಾನು ಅಸ್ಮತ್ ಅಂತ, ದೇವದುರ್ಗದಾಗ ಹುಡುಗ್ಯಾರ ಸಾಲಿಗೆ ವಿಜ್ಞಾನ ಹೇಳ್ತೀನ್ರಿ. ಗಾಡಿ ನೋಡಿಕೊಂಡು ಹೋಗ್ರಿ ಅಂತ ಸಾಹುಕಾರ್ರು ಕಾಗದ ಬರ್ದಾರ್ರಿ’ ಎಂದರು. ಶ್ರಾವಣದಲ್ಲಿ ರಾಯಚೂರಿನ ಬಸ್ಸಿನಲ್ಲಿ ನಿಮ್ಮ ಪರಿಚಯವಾಯಿತಂತೆ. ದಾರಿಯುದ್ದಕ್ಕೂ ನೀವು ರೈಲಿನ ಕಥೆ ಹೇಳಿದಿರಂತೆ. ಅವರ ಶಾಲೆಯ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ ರೈಲನ್ನೇ ಕಂಡಿಲ್ಲವಂತೆ. ಅವರಿಗೆ ಕರೆಂಟಿನ ಪಾಠವನ್ನು ಒಂದು ಆಟಿಕೆ ರೈಲು ಮಾಡಿ ಹೇಳಬೇಕೆಂದು ಆಸೆಯಾಗಿ, ಹೊಸದಾಗಿ ಶುರು ಮಾಡುವವರು ಏನು ಮಾಡಬೇಕು, ಯಾರನ್ನು ಕೇಳಬೇಕು, ಎಲ್ಲಿ ಏನು ಸಿಗುತ್ತದೆ ಎಂದು ನಿಮಗೆ ಬರೆದು ಕೇಳಿದರಂತೆ. ಇಷ್ಟೆಲ್ಲ ಅಂತೆ ಅಂತೆ ಎಂದು ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ಒಂದನ್ನೂ ನೀವು ನನಗೆ ಹೇಳಿರಲಿಲ್ಲ. ಆಮೇಲೆ ಟೀಚರು ಚೀಲದಿಂದ ನಿಮ್ಮ ಕಾಗದ ತೆಗೆದರು. ಹೊಟ್ಟೆ ಉಬ್ಬಿದ ಲಕೋಟೆ. ಏಳು ಪುಟ. ನಿಮ್ಮದೇ ಅಕ್ಷರ, ಒತ್ತೊತ್ತಾಗಿ, ಒಂದು ಸಾಲೂ ಖಾಲಿ ಬಿಡದೆ.

ಬೇರೆ ಹೆಂಗಸಿಗೆ ಕಾಗದ ಬರೆದಿರಿ ಎಂದು ನನಗೆ ಹೊಟ್ಟೆ ಉರಿಯಲಿಲ್ಲ. ಈ ಮಾತು ಸುಳ್ಳು, ಸ್ವಲ್ಪ ಉರಿಯಿತು. ಆದರೆ ಹೆಚ್ಚು ಉರಿದದ್ದು ಆ ಏಳು ಪುಟಕ್ಕೆ. ನನಗೆ ಇನ್‌ಲ್ಯಾಂಡ್ ತುಂಬುವುದಿಲ್ಲ, ‘ಉಳಿದಂತೆ ಎಲ್ಲ ಕ್ಷೇಮ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಜಾಗ ಮುಗಿಸುತ್ತೀರಿ. ‘ನೀವೂ ಓದ್ರಿ ಅಕ್ಕಾರ’ ಎಂದು ಟೀಚರೇ ಕೈಗೆ ಕೊಟ್ಟರು. ಅವರು ಅತ್ತೆಯವರ ಹತ್ತಿರ ಮಾತಿಗೆ ಕುಳಿತಾಗ ನಾನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಏನು ಪ್ರೀತಿ, ಏನು ತಾಳ್ಮೆ! ಮೊದಲು ಒಂದು ಕಾಸಿನ ಸಾಮಾನೂ ಕೊಳ್ಳಬೇಡಿ, ರಾಯಚೂರು ಸ್ಟೇಷನ್ನಿನಲ್ಲಿ ಒಂದು ದಿನ ಸುಮ್ಮನೆ ಕುಳಿತು ಗಾಡಿ ನೋಡಿ ಎಂದು ಬರೆದಿದ್ದೀರಿ. ದೊಡ್ಡದಕ್ಕೆ ಕೈ ಹಾಕಬೇಡಿ, ಒಂದು ಸುತ್ತು ಹಳಿ, ಒಂದು ಇಂಜಿನ್ನು, ಎರಡು ಡಬ್ಬಿ ಸಾಕು ಎಂದಿದ್ದೀರಿ. ಸಿಕಂದರಾಬಾದಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ವಿಲಾಯತಿಯ ರೈಲು ಪತ್ರಿಕೆಗಳು ರದ್ದಿಯಲ್ಲಿ ಸಿಗುತ್ತವಂತೆ, ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಚಿತ್ರ ನೋಡಿದರೆ ಸಾಕಂತೆ. ಬೊಂಬಾಯಿಯಲ್ಲಿ ಇದೇ ಹುಚ್ಚಿನವರ ಒಂದು ಕೂಟವಿದೆಯಂತೆ, ಜವಾಬಿ ಕಾರ್ಡು ಹಾಕಿದರೆ ಬೇಸರವಿಲ್ಲದೆ ಉತ್ತರ ಬರೆಯುತ್ತಾರಂತೆ. ಕರೆಂಟಿಗೆ ಮಾನ್ವಿಯ ಲಾಲ್ ಸಾಬ್, ಸ್ಟೇಷನ್ನಿಗೆ ತಗಡಿನ ಕೆಲಸದ ಅಂಬಣ್ಣ. ಗುಡ್ಡ ಮಾಡಲು ಭತ್ತದ ಹೊಟ್ಟನ್ನು ಮೈದಾ ಅಂಟಿನಲ್ಲಿ ಕಲೆಸಬೇಕು, ಹುಲ್ಲಿಗೆ ಹಸಿರು ಬಣ್ಣ ಹಾಕಿದ ಮರದ ಪುಡಿ ಉದುರಿಸಬೇಕು. ನನ್ನ ಮೈದಾ ಡಬ್ಬಿ ಯಾವಾಗಲೂ ಯಾಕೆ ಖಾಲಿ ಎಂಬುದು ಆಗ ತಿಳಿಯಿತು.

ನನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ. ಲಾಲ್ ಸಾಬನ ಹೆಸರಿದೆ, ಅಂಬಣ್ಣನ ಹೆಸರಿದೆ, ದೇಶ ಬಿಟ್ಟು ಹೋದ ಆ ಗಾರ್ಡಿನ ಹೆಸರೂ ಇದೆ. ರೈಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು ಮನೆಯೊಳಗೆ ಒಬ್ಬಳಿದ್ದಾಳೆ, ಅವಳನ್ನು ಕೇಳಿ ಎಂದು ಮಾತ್ರ ಇಲ್ಲ. ಕೊನೆಯ ಪುಟದಲ್ಲಿ, ‘ಮಾನ್ವಿಗೆ ಹೋದಾಗ ನಮ್ಮ ಮನೆಯಲ್ಲಿ ಊಟ ಮಾಡಿಕೊಂಡು ಹೋಗಿ’ ಎಂದಿದೆ. ಆ ಊಟ ನಾನು! ಇಷ್ಟರ ಮೇಲೆ ಐದನೆಯ ಪುಟ. ಹಳಿಗೆ ಎಣ್ಣೆ, ನೀರು, ಬೂದಿ ಏನೂ ತಾಗಬಾರದು, ಕರೆಂಟು ಹಳಿಯಿಂದ ಗಾಲಿಗೆ ಹತ್ತಿ ಇಂಜಿನ್ನಿಗೆ ಹೋಗುತ್ತದೆ, ನಡುವೆ ಒಂದು ತೆಳು ಪದರ ಬಂದರೂ ಗಾಡಿ ಸತ್ತ ಹಾಗೆ ನಿಲ್ಲುತ್ತದೆ, ಹೆದರಬೇಡಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದರೆ ಸಾಕು ಎಂದು ಬರೆದಿದ್ದೀರಿ. ಆ ಸಾಲನ್ನು ಮತ್ತೊಮ್ಮೆ ಓದಿದೆ. ಎಣ್ಣೆ, ನೀರು, ಬೂದಿ, ಮೂರೂ ನಾನು ನನ್ನ ಕೈಯಾರೆ ಹಚ್ಚಿದವು. ಬಸ್ಸಿನಲ್ಲಿ ಸಿಕ್ಕವರಿಗೆ ‘ಹೆದರಬೇಡಿ’ ಎಂದು ಬರೆದ ಮಾತನ್ನು, ಹೆದರಿ ಕುಳಿತ ನನಗೆ ಬರೆಯಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ.

ಊಟವಾದ ಮೇಲೆ ಬೀಗ ತೆಗೆಯದೆ ಗತಿಯಿರಲಿಲ್ಲ. ಟೀಚರು ಹಲಗೆಯ ಸುತ್ತ ಒಂದು ಸುತ್ತು ಬಂದು ಬಗ್ಗಿ ನೋಡಿದರು. ನಗುತ್ತಾರೆ, ನಕ್ಕರೆ ಮೆಟ್ಟಿಲಿಳಿಸಿ ಕಳಿಸಿಬಿಡೋಣ ಎಂದು ಕಾದೆ. ಅವರು ನಗಲಿಲ್ಲ. ‘ಪೂಜಿ ಭಾಳ ಛಂದ ಮಾಡೀರಿ ಅಕ್ಕಾರ’ ಎಂದು, ಚೀಲದಿಂದ ಎರಡು ರಬ್ಬರು ತೆಗೆದು ಒಂದನ್ನು ನನ್ನ ಕೈಗೆ ಕೊಟ್ಟರು. ವಿಭೂತಿ ಅಳಿಸಿದರೆ ಪಾಪ ಬರುತ್ತದೆಯೋ ಏನೋ ಎಂದು ನಾನು ಅಳುಕುತ್ತ ಕೇಳಿದೆ. ಕೆಳಗಿನಿಂದಲೇ ಅತ್ತೆಯವರ ತೀರ್ಪು ಬಂತು, ‘ವಿಭೂತಿ ಹಣಿಮ್ಯಾಗ ಇರಬೇಕು, ಕಾಲಾಗಲ್ಲ. ಒರಸ್ರಿ’ ಎಂದು. ಗಾಲಿಗೂ ಹಚ್ಚು ಎಂದಿದ್ದ ಬಾಯಿಯೇ ಅದು. ಮಧ್ಯಾಹ್ನವೆಲ್ಲ ಇಬ್ಬರೂ ಎದುರುಬದುರಾಗಿ ಕುಳಿತು ಹಳಿ ತಿಕ್ಕಿದೆವು. ದೇವದುರ್ಗದಾಚೆ, ಖೋಲಿಯ ಕಿಟಕಿಯ ಕೆಳಗಿನ ಒಂದು ಮೊಳ ಹಳಿ ಮಾತ್ರ ಉಳಿಯಿತು, ಅದರ ಮಾತು ಆಮೇಲೆ. ಗುಂಡಿ ತಿರುವಿದ್ದು ನಾನು. ರಾಯಚೂರು ಬಿಟ್ಟು, ಮಾನ್ವಿ, ಕವಿತಾಳ, ಮಸರಕಲ್ ದಾಟಿ ದೇವದುರ್ಗದ ತನಕ ಹೋಯಿತು, ಹಿಂದಕ್ಕೆ ತಿರುವಿದರೆ ಹಿಂದಕ್ಕೂ ಬಂತು. ನನ್ನ ಬೆರಳಿಗೆ ಅಷ್ಟು ದೊಡ್ಡ ರೈಲು ಬಗ್ಗುತ್ತದೆ ಎಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸಂಜೆಯ ಹೊತ್ತಿಗೆ ಮೆಟ್ಟಿಲು ಹತ್ತಿದವರು ಯಾಕೆ ಇಳಿಯುವುದಿಲ್ಲ ಎಂದು ಸ್ವಲ್ಪ ತಿಳಿಯಿತು. ಸ್ವಲ್ಪ ಮಾತ್ರ.

ಆದರೆ ಒಂದು ಮಾತು. ನೀವು ಮಾನ್ವಿಯ ಮುಂದೆ ನಿಲ್ಲಿಸಿದ ಸಿಗ್ನಲ್ಲಿನ ಕೈ ಯಾವಾಗಲೂ ನೆಟ್ಟಗೆ ಚಾಚಿಕೊಂಡೇ ಇರುತ್ತದೆ. ಹಾಗಿದ್ದರೆ ಗಾಡಿ ನಿಲ್ಲಬೇಕು, ಕೈ ಇಳಿದರೆ ಹೋಗಬೇಕು. ಮಟಮಾರಿಯಲ್ಲಿ ದನ ಕಾಯುವ ಮಕ್ಕಳಿಗೂ ಇದು ಗೊತ್ತು. ಇಷ್ಟು ವರ್ಷ ನಿಮ್ಮ ಗಾಡಿ ದಿನಾ ಸಂಜೆ ಸಿಗ್ನಲ್ ಮುರಿದುಕೊಂಡು ಓಡಿದೆ, ನಮ್ಮೂರಲ್ಲಾಗಿದ್ದರೆ ಡ್ರೈವರನ ನೌಕರಿ ಹೋಗುತ್ತಿತ್ತು. ಇದನ್ನು ಟೀಚರಿಗೆ ಹೇಳಿದೆ. ಅವರು ಕಣ್ಣರಳಿಸಿ, ‘ಇದು ಸಾಹುಕಾರ್ರ ಕಾಗದದಾಗ ಇಲ್ಲಲ್ರಿ ಅಕ್ಕಾರ!’ ಎಂದರು. ಆಗ ನನಗೆ ಹುರುಪು ಬಂತು. ತುಂಬಿದ ಡಬ್ಬಿಯ ಸದ್ದು ಹೇಗೆ, ಖಾಲಿಯದು ಹೇಗೆ, ಗಾರ್ಡು ಹಸಿರು ಬಾವುಟ ಯಾವಾಗ ತೋರಿಸುತ್ತಾನೆ, ಸಂಜೆ ಸಿಗ್ನಲ್ಲಿಗೆ ದೀಪ ಹಚ್ಚಲು ಬರುವವನು ಏಣಿಯನ್ನು ಹೇಗೆ ಏರುತ್ತಾನೆ, ಎಲ್ಲ ಹೇಳಿದೆ. ನಿಮ್ಮ ಕಾಗದದ ಕೊನೆಯ ಹಾಳೆಯ ಹಿಂಬದಿ ಖಾಲಿಯಿತ್ತು. ಅದರ ಮೇಲೆ ‘ನೀಲಗಂಗಮ್ಮ, ಮಾನ್ವಿ’ ಎಂದು ಬರೆದು, ಕೆಳಗೆ ಎಲ್ಲವನ್ನೂ ಬರೆದುಕೊಂಡರು. ನಿಮ್ಮದು ಏಳು ಪುಟವಾದರೆ ಎಂಟನೆಯದು ನನ್ನದು. ನಿಮಗೆ ಈಗ ಹೊಟ್ಟೆಕಿಚ್ಚಾದರೆ ಆಗಲಿ, ಎಷ್ಟು ದಿನ ನಾನೊಬ್ಬಳೇ ಪಡಲಿ?

ಅಸ್ಮತ್ ಟೀಚರು ಒಳ್ಳೆಯವರು. ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕೈಯ ಪುಂಡಿಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಪಲ್ಯವನ್ನು ಹೊಗಳದ ಅತ್ತೆಯವರು, ‘ನೋಡಬೇ, ಹೆಂಗ ಉಣ್ತಾಳ, ಬಂಗಾರದಂಥ ಹುಡುಗಿ’ ಎಂದು ಹೊಗಳಿದ್ದು ಉಂಡವರನ್ನು, ಮಾಡಿದವಳನ್ನಲ್ಲ. ಅವರಿಗೆ ನಿಮ್ಮ ಮುರಿದ ಡಬ್ಬಿಯೊಂದನ್ನು ಕೊಟ್ಟು ಕಳಿಸಿದ್ದೇನೆ, ಹುಡುಗಿಯರು ಮುಟ್ಟಿ ನೋಡಲಿ. ನೀವಾಗಿದ್ದರೂ ಕೊಡುತ್ತಿದ್ದಿರಿ, ಊರಿಗೆಲ್ಲ ಕೊಡುವ ಕೈ ನಿಮ್ಮದು.

ಈಗ ನಾನು ಕೇಳುವುದು ಇಷ್ಟೇ. ಸೀರೆ ಬೇಡ, ಊಟಿಯ ಮಂಜೂ ಬೇಡ. ನಾನೂ ಹೊಸಬಳು, ನನಗೂ ಏನೂ ಗೊತ್ತಿಲ್ಲ ಎಂದುಕೊಂಡು ನನಗೂ ಏಳು ಪುಟದ ಒಂದು ಕಾಗದ ಬರೆಯಿರಿ. ರೈಲಿನ ವಿಷಯವೇ ಆದರೂ ಆಗಬಹುದು. ‘ಹೆದರಬೇಡ’ ಎಂಬ ಮಾತು ಅದರಲ್ಲಿ ಒಂದು ಸಲ ಬರಲಿ. ಇದರೊಳಗೆ ನಾಲ್ಕು ಬನ್ನಿ ಎಲೆ ಇಟ್ಟಿದ್ದೇನೆ. ಹಬ್ಬದ ದಿನ ನಿಮ್ಮ ಪಾಲಿನದನ್ನು ಯಾರಿಗೂ ಕೊಡದೆ ಎತ್ತಿಟ್ಟಿದ್ದೆ. ತಗೊಂಡು ಬಂಗಾರದಂಗ ಇರೋಣು. ಅತ್ತೆಯವರು ‘ಯಪ್ಪಾ, ಯಂತ್ರ ಬಂದ್ರ ಬರಲಿ, ಬಿಟ್ರ ಬಿಡಲಿ, ನೀ ಮೊದಲು ಮನಿಗಿ ಬಾ’ ಎಂದು ಹೇಳಲು ಹೇಳಿದ್ದಾರೆ, ಆಶೀರ್ವಾದ ತಿಳಿಸಿದ್ದಾರೆ. ರಾತ್ರಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿ.

ಇಂತಿ ನಿಮ್ಮವಳು,
ನೀಲಗಂಗಮ್ಮ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಗಡಿಗೆಪ್ಪ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ. ಕಿಟಕಿಯ ಕೆಳಗೆ ಉಳಿದ ಆ ಒಂದು ಮೊಳದ ಮಾತು ಹೇಳಲೇ ಇಲ್ಲ. ರಬ್ಬರು ನನ್ನ ಹತ್ತಿರವೇ ಇದೆ, ಆದರೂ ಅಲ್ಲಿಯ ವಿಭೂತಿಯನ್ನು ನಾನು ಒರೆಸಿಲ್ಲ, ಒರೆಸುವುದೂ ಇಲ್ಲ. ಅಲ್ಲಿ ಅಂಬಣ್ಣನ ಕೈಯಿಂದ ಒಂದು ಸಣ್ಣ ಸ್ಟೇಷನ್ ಮಾಡಿಸಿ ಇಟ್ಟಿದ್ದೇನೆ. ಹಳದಿ ಬೋರ್ಡಿನ ಮೇಲೆ ಮಟಮಾರಿ ಎಂದು ನಾನೇ ಬರೆದೆ, ಅಕ್ಷರ ಸೊಟ್ಟಗಿದೆ. ನಿಮ್ಮ ಗಾಡಿ ಎಷ್ಟೇ ಜೋರಾಗಿ ಬರಲಿ, ಅಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೆರಳಿನಿಂದ ತಳ್ಳಿದರೆ ಮಾತ್ರ ಮುಂದೆ ಹೋಗುತ್ತದೆ. ನೀವು ಬಂದ ದಿನ ನಾನು ಆ ಹಸಿರು ಸೀರೆ ಉಟ್ಟು ಚಹಾ ತಂದು ಅದೇ ಕಿಟಕಿಯ ಪಕ್ಕದಲ್ಲಿ ನಿಲ್ಲುತ್ತೇನೆ. ಗಾಡಿ ನಿಂತಿರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಈ ಸಲ ನನ್ನನ್ನು ನೋಡಿ.